ಭಾನುವಾರದ ಸೌಟನ್ನೂ ಬರೆದಿಡಿ

ಊಟ–ತೂಕ: ಓದುಗರ ಪ್ರಶ್ನೆಗಳಿಗೆ ಮಡಿಕೇರಿಯ ಆಹಾರ ತಜ್ಞೆಯ ಉತ್ತರ

ಪ್ರಶ್ನೆ: ನಮಸ್ಕಾರ ಅಕ್ಕ. ನನಗೆ 34 ವರ್ಷ, ಎತ್ತರ 158 ಸೆಂ.ಮೀ., ತೂಕ 72 ಕೆ.ಜಿ. ಒಂದು ಶಾಲೆಯ ಕಚೇರಿಯಲ್ಲಿ ಕೆಲಸ. ಮೂರು ತಿಂಗಳಿಂದ ತಿಂದದ್ದನ್ನೆಲ್ಲ ಮೊಬೈಲ್ ಆಪ್‌ನಲ್ಲಿ ಬರೆದು, ದಿನಕ್ಕೆ 1,400 ಕ್ಯಾಲೊರಿ ದಾಟದಂತೆ ನೋಡಿಕೊಳ್ಳುತ್ತಿದ್ದೇನೆ. ಭಾನುವಾರ ಮಾತ್ರ ‘ಚೀಟ್ ಡೇ’. ಅಂದು ಆಪ್ ತೆರೆಯುವುದಿಲ್ಲ. ಭಾನುವಾರ ಬಂತೆಂದರೆ ನಮ್ಮಲ್ಲಿ ಮದುವೆ, ಇಲ್ಲವೇ ಗೃಹಪ್ರವೇಶ, ಇಲ್ಲವೇ ಹಾಕಿ ಪಂದ್ಯ ನೋಡಿ ಬಂದು ನೆಂಟರ ಮನೆಯಲ್ಲಿ ಊಟ. ಸೋಮವಾರ ಬೆಳಿಗ್ಗೆ ತೂಕ ನೋಡಿದರೆ ಒಂದೂವರೆ ಕೆ.ಜಿ. ಏರಿರುತ್ತದೆ. ಹೆದರಿ ಸಂಜೆಯವರೆಗೆ ಕರಿ ಕಾಫಿಯಲ್ಲೇ ಕಳೆಯುತ್ತೇನೆ. ರಾತ್ರಿಯ ಹೊತ್ತಿಗೆ ತಲೆನೋವು ಬಂದು ಬೇಕರಿಯ ಬನ್ನಿಗೆ ಕೈ ಹೋಗುತ್ತದೆ. ಇಷ್ಟು ಮಾಡಿಯೂ ಮೂರು ತಿಂಗಳಲ್ಲಿ ಇಳಿದದ್ದು ಒಂದೂವರೆ ಕೆ.ಜಿ. ಮಾತ್ರ. ಒಂದು ದಿನದ ಊಟ ಇಷ್ಟು ಕೆಡಿಸುತ್ತದೆಯೇ? ಆ ದಿನವೂ ಲೆಕ್ಕ ಇಡಲೇಬೇಕೇ? ಕಡಂಬುಟ್ಟು (ಅಕ್ಕಿ ತರಿಯ ಕಡುಬು), ಪಂದಿ ಕರಿ (ಹಂದಿ ಮಾಂಸದ ಸಾರು) ಬಿಡಿ ಎಂದು ಮಾತ್ರ ಹೇಳಬೇಡಿ. ಕಳೆದ ಭಾನುವಾರ ತಿಂದದ್ದನ್ನು ನೆನಪಿದ್ದಷ್ಟು ಬರೆದು ಇದರ ಜೊತೆ ಕಳುಹಿಸಿದ್ದೇನೆ.
— ಹೆಸರು ಬೇಡ, ಗೋಣಿಕೊಪ್ಪಲು

ಉತ್ತರ: ಬಿಡಿ ಎನ್ನುವುದಿಲ್ಲ. ನಾಪೋಕ್ಲು ಕಡೆಯ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಕಾಚಂಪುಳಿ (ಹಣ್ಣಿನಿಂದ ಮಾಡುವ ನಮ್ಮ ಕಪ್ಪು ಹುಳಿ) ಬಿದ್ದ ಕೂಡಲೇ ಕರಿಯ ಬಣ್ಣ ಕಪ್ಪಿಗೆ ತಿರುಗುವುದನ್ನು ಒಲೆಯ ಮುಂದೆ ಕುಳಿತು ನೋಡಿದ್ದೇನೆ. ಅದನ್ನು ಬಿಡಬೇಕು ಎಂದು ಯಾರಾದರೂ ಹೇಳಿದರೆ ನನಗೇ ಕೋಪ ಬರುತ್ತದೆ. ಆದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಹೌದು: ಆ ದಿನವೂ ಬರೆಯಬೇಕು. ವಾರದಲ್ಲಿ ಒಂದೇ ದಿನ ಬರೆಯಲು ಆಗುವುದು ಎಂದಾದರೆ, ಅದು ಭಾನುವಾರವೇ ಆಗಿರಲಿ.

ಯಾಕೆಂದು ನಿಮ್ಮ ಚೀಟಿಯಿಂದಲೇ ತೋರಿಸುತ್ತೇನೆ. ನಿಮ್ಮ ವಯಸ್ಸು, ಎತ್ತರ, ತೂಕ, ಕುಳಿತು ಮಾಡುವ ಕೆಲಸ, ದಿನದ ಓಡಾಟ ಇವನ್ನು ಹಿಡಿದು ನೋಡಿದರೆ ನಿಮ್ಮ ದೇಹ ದಿನಕ್ಕೆ ಸುಮಾರು 1,900 ಕ್ಯಾಲೊರಿ ಖರ್ಚು ಮಾಡುತ್ತದೆ. 1,400 ತಿಂದ ದಿನ 500 ಉಳಿತಾಯ. ಆರು ದಿನಕ್ಕೆ 3,000. ಇನ್ನು ಭಾನುವಾರ. ಬೆಳಿಗ್ಗೆ ಮೂರು ಅಕ್ಕಿ ಒಟ್ಟಿ (ರೊಟ್ಟಿ), ಒಂದೊಂದರ ಮೇಲೆ ಒಂದು ಚಮಚ ತುಪ್ಪ, ಪಕ್ಕದಲ್ಲಿ ಎಳ್ಳು ಪಜ್ಜಿ (ಚಟ್ನಿ): ಸುಮಾರು 610. ದಿನವಿಡೀ ನಾಲ್ಕು ಲೋಟ ಬೆಲ್ಲದ ಕಾಫಿ: 160. ಮದುವೆ ಮನೆಯಲ್ಲಿ ಮೊದಲು ಬಂದ ಪಂದಿ ಫ್ರೈ ಒಂದು ತಟ್ಟೆ: 500. ಎರಡು ಲೋಟ ಮನೆಯ ವೈನ್: 250. ಐದು ಕಡಂಬುಟ್ಟು: 500. ಮೂರು ಸೌಟು ಪಂದಿ ಕರಿ: 750. ಪಾಯಸ: 250. ಸಂಜೆ ಚಿಪ್ಸ್, ಐಸ್‌ಕ್ರೀಂ: 300. ರಾತ್ರಿ ಮನೆಯಲ್ಲಿ ನೂಪುಟ್ಟು (ಒತ್ತು ಶಾವಿಗೆ), ಕೋಳಿ ಕರಿ: 600. ಒಟ್ಟು 3,900ರ ಆಚೆ. ಖರ್ಚಿಗಿಂತ 2,000 ಹೆಚ್ಚು. ಆರು ದಿನ ಕೂಡಿಟ್ಟ 3,000ದಲ್ಲಿ 2,000 ಹೋಗಿ ಉಳಿದದ್ದು 1,000. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಹಾಗಾಗಿ ವಾರಕ್ಕೆ ಇಳಿಯುವುದು 130 ಗ್ರಾಂ, ಮೂರು ತಿಂಗಳಿಗೆ ಒಂದೂವರೆ ಕೆ.ಜಿ.ಯ ಆಸುಪಾಸು. ನಿಮ್ಮ ತಕ್ಕಡಿ ಹೇಳಿದ್ದೂ ಅಷ್ಟೇ. ನಿಮ್ಮ ದೇಹದಲ್ಲಿ ದೋಷವಿಲ್ಲ, ನಿಮ್ಮ ಮನೋಬಲದಲ್ಲೂ ಇಲ್ಲ. ಆರು ದಿನ ನೀವು ಪಟ್ಟ ಶ್ರಮ ಸುಳ್ಳಲ್ಲ ಎಂಬುದಕ್ಕೆ ಇದೇ ಸಾಕ್ಷಿ.

‘ಚೀಟ್ ಡೇ’ ಎಂಬ ಹೆಸರು ನನಗೆ ಹಿಡಿಸುವುದಿಲ್ಲ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜಿಸಿ, ಮನೆಮಂದಿಯೆಲ್ಲ ಸೇರಿ ಉಣ್ಣುವ ಊಟ ಮೋಸ ಹೇಗಾದೀತು? ಹೆಸರಿನಿಂದ ಕೆಡುಕೂ ಆಗುತ್ತದೆ. ಮೋಸ ಎಂದುಕೊಂಡದ್ದನ್ನು ಯಾರೂ ಪುಸ್ತಕದಲ್ಲಿ ಬರೆಯುವುದಿಲ್ಲ, ಮುಚ್ಚಿಡುತ್ತಾರೆ. ಔತಣದ ದಿನ ಎಂದು ಕರೆಯಿರಿ. ಔತಣಕ್ಕೆ ಎಷ್ಟು ಅಕ್ಕಿ, ಎಷ್ಟು ಮಾಂಸ ಎಂದು ಲೆಕ್ಕ ಹಾಕುವುದು ನಮ್ಮಲ್ಲಿ ಮೊದಲಿನಿಂದಲೂ ಇರುವ ಪದ್ಧತಿ.

ಬರೆಯದೇ ಇದ್ದರೆ ಎಷ್ಟು ತಪ್ಪುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಅಧ್ಯಯನವಿದೆ. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಕೆಲವರನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ದೇಹ ಶಕ್ತಿಯನ್ನು ಎಲ್ಲರಂತೆಯೇ ಖರ್ಚು ಮಾಡುತ್ತಿತ್ತು. ಆದರೆ ತಿಂದದ್ದರಲ್ಲಿ ಸರಾಸರಿ 47 ಶೇಕಡಾ ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಇಪ್ಪತ್ತು ವರ್ಷಗಳಿಂದ ನನ್ನ ಎದುರು ಕುಳಿತವರಲ್ಲೂ ಇದನ್ನೇ ಕಂಡಿದ್ದೇನೆ. ಅವರು ಸುಳ್ಳು ಹೇಳುವವರಲ್ಲ. ಮಾತನಾಡುತ್ತಾ ನಿಂತಾಗ ಕೈಗೆ ಬಂದದ್ದು ನೆನಪಿನಲ್ಲಿ ಉಳಿಯುವುದಿಲ್ಲ, ಅಷ್ಟೇ.

ಈಗ ಪಂದಿ ಕರಿಯ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಆಪ್ ತಪ್ಪುವುದು ಇಲ್ಲೇ. ಹಂದಿ ಮಾಂಸ ಎಂದು ಹುಡುಕಿದರೆ ಅದು ಕೊಬ್ಬು ತೆಗೆದ ತುಂಡಿನ ಲೆಕ್ಕ ಕೊಡಬಹುದು. ಹಸಿ ಮಾಂಸ 100 ಗ್ರಾಮಿಗೆ 150 ಕ್ಯಾಲೊರಿಯ ಒಳಗೆ. ನಾವು ಕರಿಗೆ ಹಾಕುವುದು ಚರ್ಮ, ಕೊಬ್ಬು ಎರಡೂ ಇರುವ ತುಂಡು. ಹೊಟ್ಟೆಯ ಭಾಗದ ಹಸಿ ಮಾಂಸವಾದರೆ ಅದೇ 100 ಗ್ರಾಮಿಗೆ 500ರ ಹತ್ತಿರ. ಎರಡನ್ನೂ ಒಂದೇ ಹೆಸರಿನಲ್ಲಿ ಬರೆದರೆ ಲೆಕ್ಕ ಹೇಗೆ ಕೂಡೀತು?

ಕಳೆದ ಮಳೆಗಾಲದಲ್ಲಿ ನಾನು ಮನೆಯಲ್ಲೇ ಅಳೆದು ನೋಡಿದೆ. ಒಂದು ಕೆ.ಜಿ. ಮಾಂಸ ತಂದು, ಎಂದಿನಂತೆ ಎಣ್ಣೆ ಹಾಕದೆ, ಅದರದೇ ಕೊಬ್ಬಿನಲ್ಲಿ ಬೇಯಿಸಿದೆ. ಹುರಿದ ಮೆಣಸು, ಜೀರಿಗೆ, ಕೊತ್ತಂಬರಿಯ ಪುಡಿ, ಕೊನೆಗೆ ಕಾಚಂಪುಳಿ. ಪಂದಿ ಕರಿ ಮಾರನೆಯ ದಿನಕ್ಕೇ ರುಚಿ ಎಂಬುದು ನಿಮಗೆ ಗೊತ್ತು. ರಾತ್ರಿಯೆಲ್ಲ ಸ್ಟೀಲ್ ಪಾತ್ರೆಯಲ್ಲಿ ಫ್ರಿಜ್‌ನಲ್ಲಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಮೇಲೆ ಬೆರಳ ದಪ್ಪದ ಬಿಳಿ ಪದರ, ಮಸಾಲೆಯ ಕಂದು ಚುಕ್ಕಿಗಳು ಅದರಲ್ಲಿ ಹೂತಿದ್ದವು. ಚಮಚದ ಹಿಂಬದಿಯಿಂದ ತಟ್ಟಿದರೆ ಮಂಜುಗಡ್ಡೆಯಂತೆ ಸೀಳಿತು. ತುಂಡು ತುಂಡಾಗಿ ಎತ್ತಿ ಅಡುಗೆಮನೆಯ ತಕ್ಕಡಿಯ ಮೇಲೆ ಇಟ್ಟೆ: 140 ಗ್ರಾಂ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ. ಅಂದರೆ 1,260 ಕ್ಯಾಲೊರಿ ಪಾತ್ರೆಯಿಂದ ಹೊರಗೆ ಬಂತು. ಕೆಳಗೆ ಉಳಿದ ಕರಿಯನ್ನು ಬಿಸಿ ಮಾಡಿ ಬಡಿಸಿದೆ. ಕಾಚಂಪುಳಿಯ ಹುಳಿ, ಮೆಣಸಿನ ಖಾರ ಹಾಗೆಯೇ ಇತ್ತು. ಮನೆಯಲ್ಲಿ ಯಾರೂ ವ್ಯತ್ಯಾಸ ಕೇಳಲಿಲ್ಲ. ಮನೆಯ ಕರಿಗೆ ಹೀಗೆ ಮಾಡಿ. ಮದುವೆ ಮನೆಯಲ್ಲಿ ಆಗದ ಮಾತು. ಅಲ್ಲಿ ಬಡಿಸುವವರಿಗೆ ತುಂಡು ಹಾಕಿ, ರಸ ಸ್ವಲ್ಪ ಸಾಕು ಎನ್ನಿ.

ಬರೆಯುವ ಕ್ರಮ ಸುಲಭವಾಗಿರಲಿ. ನೆಂಟರ ನಡುವೆ ಕುಳಿತು ಮೊಬೈಲ್ ತಿರುವುತ್ತಾ ಗ್ರಾಂ ಹುಡುಕುವುದು ಬೇಡ. ಊಟದ ಸುಖವೂ ಹೋಗುತ್ತದೆ, ಪಕ್ಕದವರ ಮನಸ್ಸೂ ನೋಯುತ್ತದೆ. ಎಣಿಕೆ ಮಾತ್ರ ಸಾಕು: ಎಷ್ಟು ಕಡಂಬುಟ್ಟು, ಎಷ್ಟು ಸೌಟು, ಎಷ್ಟು ಲೋಟ. ಕೈ ತೊಳೆದು ಬಂದ ಕೂಡಲೇ ಮೊಬೈಲ್‌ನಲ್ಲಿ ಒಂದು ಸಾಲು ಬರೆದುಬಿಡಿ, ಕ್ಯಾಲೊರಿಯನ್ನು ರಾತ್ರಿ ಕೂಡಿಸಿ. ಕಿತ್ತಳೆ ಗಾತ್ರದ ಕಡಂಬುಟ್ಟಿಗೆ 100 ಎಂದು ಹಿಡಿಯಿರಿ, ಏಕೆಂದರೆ ಒಂದಕ್ಕೆ ಹಿಡಿಯುವ ಅಕ್ಕಿ ತರಿ ಸುಮಾರು 30 ಗ್ರಾಂ. ಮನೆಯ ಸೌಟಿನಲ್ಲಿ ಎಷ್ಟು ಹಿಡಿಯುತ್ತದೆ ಎಂದು ಒಮ್ಮೆ ತೂಗಿ ನೋಡಿಡಿ, ಆಮೇಲೆ ಕಣ್ಣಳತೆ ಸಾಕು. ಅನುಮಾನ ಬಂದರೆ ಹೆಚ್ಚಿನ ಕಡೆಗೇ ಬರೆಯಿರಿ. ನೂರಿನ್ನೂರು ಆಚೀಚೆ ಆದರೆ ಚಿಂತೆ ಬೇಡ. ಎರಡು ಸಾವಿರ ಕಣ್ಣಿಗೆ ಬೀಳದೆ ಹೋಗಬಾರದು.

ಸೋಮವಾರದ ತೂಕಕ್ಕೆ ಹೆದರಬೇಡಿ. ಒಂದೂವರೆ ಕೆ.ಜಿ. ಕೊಬ್ಬು ಏರಬೇಕಾದರೆ ನೀವು ಖರ್ಚಿಗಿಂತ 11,500 ಕ್ಯಾಲೊರಿ ಹೆಚ್ಚು ತಿಂದಿರಬೇಕು. ತಿಂದದ್ದು 2,000 ಹೆಚ್ಚು. ಉಳಿದದ್ದು ಹೆಚ್ಚುಪಾಲು ನೀರು. ಅನ್ನ, ಕಡುಬು, ಸಿಹಿಯಿಂದ ಬಂದ ಪಿಷ್ಟವನ್ನು ದೇಹ ಗ್ಲೈಕೋಜನ್ ಆಗಿ ಕೂಡಿಡುವಾಗ ಒಂದು ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನು ಜೊತೆಗೆ ಹಿಡಿಯುತ್ತದೆ. ಕರಿಯ ಉಪ್ಪೂ ನೀರು ಹಿಡಿಯುತ್ತದೆ. ಹೊಟ್ಟೆಯಲ್ಲಿ ಇನ್ನೂ ಕರಗದ ಊಟವೂ ಇರುತ್ತದೆ. ಬುಧವಾರ, ಗುರುವಾರದ ಹೊತ್ತಿಗೆ ಅದು ತಾನಾಗಿ ಇಳಿಯುತ್ತದೆ. ತೂಕ ನೋಡುವುದನ್ನು ಶುಕ್ರವಾರ ಬೆಳಿಗ್ಗೆಗೆ ಬದಲಾಯಿಸಿ.

ಕರಿ ಕಾಫಿಯ ಉಪವಾಸವನ್ನು ಇವತ್ತೇ ನಿಲ್ಲಿಸಿ. ಸಂಜೆಯವರೆಗೆ ಹಸಿದು ರಾತ್ರಿ ಬನ್ನಿಗೆ ಕೈ ಹಾಕುವುದು ಶಿಕ್ಷೆಯ ಬೆನ್ನಿಗೇ ಬರುವ ಹಸಿವು, ಅದಕ್ಕೆ ನೀವು ನಾಚಬೇಕಾಗಿಲ್ಲ. ಸೋಮವಾರ ಬೆಳಿಗ್ಗೆ ಎರಡು ಮೊಟ್ಟೆ, ಒಂದು ಒಟ್ಟಿ. ಮಧ್ಯಾಹ್ನ ಸ್ವಲ್ಪ ಅನ್ನದ ಜೊತೆ ತಟ್ಟೆ ತುಂಬ ಪಲ್ಯ. ಮಳೆಗಾಲವಾದರೆ ತೆರ್ಮೆ ತೊಪ್ಪು (ಜರೀಗಿಡದ ಚಿಗುರು), ಕಣಿಲೆ (ಎಳೆ ಬಿದಿರು) ಇದ್ದೇ ಇರುತ್ತದೆ. ಕಣಿಲೆಯನ್ನು ನೀರು ಬದಲಾಯಿಸಿ ನೆನೆಸಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು ಎಂಬುದನ್ನು ಹೊಸದಾಗಿ ಅಡುಗೆ ಕಲಿಯುವವರಿಗೆ ಹೇಳಿಡುತ್ತೇನೆ.

ಕೊನೆಗೆ, ಬರುವ ಭಾನುವಾರದ ತಟ್ಟೆ. ಐದು ಕಡಂಬುಟ್ಟು, ಮೂರು ಸೌಟು ಪಂದಿ ಕರಿ ಹಾಗೆಯೇ ಇರಲಿ. ನಿಮಗೆ ಪ್ರೀತಿ ಇರುವುದು ಅದರ ಮೇಲೆ. ಬೆಳಿಗ್ಗೆ ಒಟ್ಟಿ ಒಂದೇ. ಫ್ರೈ ತಟ್ಟೆ ಪಕ್ಕದವರಿಗೆ ದಾಟಿಸಿ. ವೈನ್ ಒಂದು ಲೋಟ, ಪಾಯಸ ಅರ್ಧ. ಸಂಜೆಯ ಚಿಪ್ಸ್, ಐಸ್‌ಕ್ರೀಂ ಬೇಡ. ಚೀಟಿಯಲ್ಲಿ ಅವುಗಳ ಪಕ್ಕದಲ್ಲಿ ನೀವೇ ‘ಸುಮ್ಮನೆ’ ಎಂದು ಬರೆದಿದ್ದೀರಿ. ಇಷ್ಟರಿಂದ ದಿನ 2,500ರ ಸಮೀಪಕ್ಕೆ ಬರುತ್ತದೆ. ವಾರದ ಉಳಿತಾಯ 1,000ದಿಂದ 2,400ಕ್ಕೆ ಏರುತ್ತದೆ, ತಿಂಗಳಿಗೆ ಒಂದೂಕಾಲು ಕೆ.ಜಿ. ಇಳಿಯುವ ದಾರಿ ಅದು. ಮೂರು ತಿಂಗಳ ನಂತರ ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ನಾನು ನಿವೃತ್ತ ಸೈನಿಕ, 56 ವರ್ಷ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಪಾರ್ಟಿಯ ಮರುದಿನ ಒಂದು ಚಮಚ ಕಾಚಂಪುಳಿ ಕುಡಿದರೆ ಕೊಬ್ಬು ಕರಗುತ್ತದೆ ಎನ್ನುತ್ತಾರೆ. ಅದೇ ಹಣ್ಣಿನ ಮಾತ್ರೆಯನ್ನೂ ಆನ್‌ಲೈನ್‌ನಲ್ಲಿ ತರಿಸಿದ್ದೇನೆ. ರಮ್‌ನಲ್ಲಿ ಕೊಬ್ಬಿಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕೇ?
— ಸೋಮವಾರಪೇಟೆ

ಉತ್ತರ: ಸರ್, ಆ ಮಾತ್ರೆಯನ್ನು ದಯವಿಟ್ಟು ತೆಗೆದುಕೊಳ್ಳಬೇಡಿ. ಕಾಚಂಪುಳಿ ತಯಾರಾಗುವ ಹಣ್ಣು ಗಾರ್ಸಿನಿಯಾ ಜಾತಿಯದು. ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ ಹೆಸರಿನಲ್ಲಿ ಜಗತ್ತಿನಾದ್ಯಂತ ತೂಕ ಇಳಿಸುವ ಮಾತ್ರೆಗಳು ಮಾರಾಟವಾಗುತ್ತಿವೆ. ಮನುಷ್ಯರ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಹೇಳಿಕೊಳ್ಳುವಂತಹ ಪ್ರಯೋಜನ ಕಂಡಿಲ್ಲ. ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಮಾತ್ರ ವೈದ್ಯಕೀಯ ದಾಖಲೆಗಳಲ್ಲಿವೆ. ಸಕ್ಕರೆ ಕಾಯಿಲೆಯ ಮಾತ್ರೆಯ ಜೊತೆ ಇನ್ನೊಂದು ಮಾತ್ರೆ ಸೇರಿಸುವಾಗ ನಿಮ್ಮ ವೈದ್ಯರನ್ನು ಕೇಳಲೇಬೇಕು. ಕಾಚಂಪುಳಿ ಕರಿಯಲ್ಲಿ ಇರಲಿ. ಖಾಲಿ ಹೊಟ್ಟೆಗೆ ಕುಡಿದರೆ ಹಲ್ಲಿನ ಹೊಳಪು ಸವೆದು, ಹೊಟ್ಟೆ ಉರಿದು, ಕೊಬ್ಬು ಇದ್ದಲ್ಲೇ ಇರುತ್ತದೆ.

ರಮ್‌ನಲ್ಲಿ ಕೊಬ್ಬಿಲ್ಲ, ನಿಜ. ಆದರೆ ಒಂದು ಗ್ರಾಂ ಮದ್ಯಸಾರದಲ್ಲಿ 7 ಕ್ಯಾಲೊರಿ ಇದೆ, ಸಕ್ಕರೆಗಿಂತ ಹೆಚ್ಚು. 60 ಮಿ.ಲೀ. ರಮ್‌ಗೆ 140 ಬರೆಯಿರಿ. ಮೂರು ಹಾಕಿದರೆ 420. ಸಿಹಿ ಪಾನೀಯ ಬೆರೆಸಿದರೆ ಅದೂ ಬೇರೆ. ದೇಹ ಮೊದಲು ಮದ್ಯವನ್ನು ಸುಡುತ್ತದೆ, ಅಷ್ಟು ಹೊತ್ತು ಊಟದ ಕೊಬ್ಬು ಸರದಿಯಲ್ಲಿ ಕಾಯುತ್ತದೆ. ನಿಮಗೆ ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ: ಕೆಲವು ಸಕ್ಕರೆ ಮಾತ್ರೆ ನುಂಗಿ, ಊಟ ಮಾಡದೆ ಕುಡಿದರೆ ರಾತ್ರಿ ಸಕ್ಕರೆ ಏಕಾಏಕಿ ಕುಸಿಯಬಹುದು. ಹಿಂದಿನ ದಿನದ ಲೆಕ್ಕ ಸರಿದೂಗಿಸಲು ಉಪವಾಸ ಮಾಡುವುದೂ ನಿಮಗೆ ಸಲ್ಲದು.

ಪ್ರಶ್ನೆ: ಮಗಳಿಗೆ 16 ವರ್ಷ, ಹಾಕಿ ಆಡುತ್ತಾಳೆ. ಆರು ತಿಂಗಳಿಂದ ಪ್ರತಿ ತುತ್ತಿನ ಕ್ಯಾಲೊರಿ ಬರೆಯುತ್ತಿದ್ದಾಳೆ. ಹಬ್ಬದ ಊಟವಾದ ಮೇಲೆ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ತುಂಬಾ ಹೊತ್ತು ಇರುತ್ತಾಳೆ. ಮುಟ್ಟು ನಿಂತು ಮೂರು ತಿಂಗಳಾಯಿತು. ಅವಳಿಗೆ ಲೆಕ್ಕ ಇಡುವ ಸರಿಯಾದ ಕ್ರಮ ಹೇಳಿಕೊಡಿ.
— ತಾಯಿ, ವಿರಾಜಪೇಟೆ

ಉತ್ತರ: ಅಮ್ಮಾ, ಮೇಲೆ ನಾನು ಬರೆದ ಯಾವ ಲೆಕ್ಕವೂ ನಿಮ್ಮ ಮಗಳಿಗಲ್ಲ. ಅವಳ ಕಣ್ಣಿಗೆ ಈ ಪುಟ ಬೀಳದಿದ್ದರೆ ಒಳ್ಳೆಯದು. ನೀವು ಬರೆದ ಲಕ್ಷಣಗಳು ಊಟದ ಕಾಯಿಲೆಯವು (ಈಟಿಂಗ್ ಡಿಸಾರ್ಡರ್). ಅವಳು ತಿಂದದ್ದನ್ನು ವಾಂತಿ ಮಾಡುತ್ತಿರಬಹುದು. ಬೈಯಬೇಡಿ, ಪುಸ್ತಕ ಕಸಿದುಕೊಳ್ಳಬೇಡಿ. ಈ ವಾರವೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ವಾಂತಿಯಿಂದ ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಹೃದಯಕ್ಕೇ ಅಪಾಯ, ಹಾಗಾಗಿ ರಕ್ತ ಪರೀಕ್ಷೆ ಆಗಬೇಕು. ಮನೋವೈದ್ಯರ ನೆರವೂ ಬೇಕಾಗುತ್ತದೆ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ವೈದ್ಯರು ಹೇಳುವವರೆಗೆ ಅಭ್ಯಾಸಕ್ಕೆ ಕಳುಹಿಸಬೇಡಿ.

ಮನೆಯಲ್ಲಿ ಊಟಕ್ಕೆ ಅವಳ ಪಕ್ಕದಲ್ಲೇ ಕುಳಿತುಕೊಳ್ಳಿ. ತಟ್ಟೆಯ ಮಾತು, ತೂಕದ ಮಾತು ಎತ್ತಬೇಡಿ. ಕಳೆದ ಪಂದ್ಯದಲ್ಲಿ ಅವಳು ಹೊಡೆದ ಗೋಲಿನ ಬಗ್ಗೆ ಕೇಳಿ.