ಪಕ್ಕದ ರ್ಯಾಕ್‌ನಲ್ಲಿಟ್ಟ ಸ್ಟ್ಯಾಂಡ್‌ಬೈಗೂ ಅದೇ ಮಳೆ ನೀರು

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ. ಬಿಲ್ಲಿಂಗ್, ಸ್ಟಾಕ್, ಸಂಬಳ ಎಲ್ಲ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ, ಸುಮಾರು 180 ಜಿಬಿ. ದಿನಾ ರಾತ್ರಿ 1 ಗಂಟೆಗೆ ಬ್ಯಾಕಪ್ ಆಗುತ್ತದೆ. ಹೋದ ಮಳೆಗಾಲದಲ್ಲಿ ಸರ್ವರ್ ರೂಮಿಗೆ ನೀರು ನುಗ್ಗಿ ಒಂದೂವರೆ ದಿನ ಬಿಲ್ ಹಾಕಲಾಗಲಿಲ್ಲ. ಇನ್ನೊಂದು ಸರ್ವರ್ ತಂದು ಪಕ್ಕದ ರ್ಯಾಕ್‌ನಲ್ಲಿ ಸ್ಟ್ಯಾಂಡ್‌ಬೈ ಮಾಡಿ ಅಂತ ಓನರ್ ಹೇಳುತ್ತಿದ್ದಾರೆ. ಅಷ್ಟು ಸಾಕಾ? ಆಮೇಲೆ ರಾತ್ರಿ ಬ್ಯಾಕಪ್ ನಿಲ್ಲಿಸಬಹುದಾ?
– ಐಟಿ ಕೆಲಸವನ್ನೆಲ್ಲ ಒಬ್ಬನೇ ನೋಡಿಕೊಳ್ಳುವವ, ಪೀಣ್ಯ

ಉತ್ತರ: ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಬ್ಯಾಕಪ್ ನಿಲ್ಲಿಸಬೇಡಿ.

ಸ್ಟ್ಯಾಂಡ್‌ಬೈ ತುಂಬ ನಿಯತ್ತಿನ ಆಳು. ಪ್ರೈಮರಿಯಲ್ಲಿ, ಅಂದರೆ ಕೆಲಸ ನಡೆಯುವ ಮುಖ್ಯ ಸರ್ವರ್‌ನಲ್ಲಿ, ಆಗುವ ಪ್ರತಿ ಬದಲಾವಣೆ ಮೊದಲು ವಾಲ್ ಎಂಬ ಲಾಗ್‌ಗೆ ಹೋಗುತ್ತದೆ. ಆ ಲಾಗ್ ತರಿಸಿಕೊಂಡು ಸ್ಟ್ಯಾಂಡ್‌ಬೈ ಅದನ್ನೇ ಮತ್ತೆ ಮಾಡುತ್ತದೆ. ಯಾರೋ ಯಾವ ಸಾಲುಗಳು ಅಂತ ಹೇಳುವ 'ವೇರ್' ಹಾಕುವುದನ್ನು ಮರೆತು ಡಿಲೀಟ್ ಹೊಡೆದರೆ ಅದನ್ನೂ ಮಾಡುತ್ತದೆ, ಸೆಕೆಂಡುಗಳಲ್ಲಿ. ನಿನ್ನೆಯ ಡೇಟಾ ಬೇಕು ಅಂದರೆ ಅದರ ಹತ್ತಿರ ಇರುವುದಿಲ್ಲ.

2017ರ ಜನವರಿ 31ರಂದು, ಪ್ರೋಗ್ರಾಮರ್‌ಗಳು ಕೋಡ್ ಇಡುವ ಗಿಟ್‌ಲ್ಯಾಬ್ ಎಂಬ ತಾಣದಲ್ಲಿ ಆದದ್ದು ನೋಡಿ. ರೆಪ್ಲಿಕೇಶನ್, ಅಂದರೆ ಹೀಗೆ ಸ್ಟ್ಯಾಂಡ್‌ಬೈಗೆ ನಕಲಾಗುವ ಕೆಲಸ, ಕೆಟ್ಟಿತ್ತು. ಸರಿ ಮಾಡಲು ಕೂತ ಎಂಜಿನಿಯರ್, ಇದು ಸ್ಟ್ಯಾಂಡ್‌ಬೈ ಅಂದುಕೊಂಡು ಪ್ರೈಮರಿಯ ಡೇಟಾ ಫೋಲ್ಡರನ್ನೇ ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿದರೆ, ಬ್ಯಾಕಪ್ ತೆಗೆಯುವ ಪಿಜಿಡಂಪ್ ಪ್ರೋಗ್ರಾಂನ ವರ್ಷನ್ ಡೇಟಾಬೇಸ್‌ಗೆ ಹೊಂದದೆ ಅದು ಸದ್ದಿಲ್ಲದೆ ಫೇಲ್ ಆಗುತ್ತಿತ್ತು! ಕೊನೆಗೆ 6 ಗಂಟೆ ಹಿಂದೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಕೈ ಹಿಡಿಯಿತು. ಆ 6 ಗಂಟೆಯ ಡೇಟಾ ಹೋಯಿತು.

ಈಗ ಪಕ್ಕದ ರ್ಯಾಕ್ ವಿಚಾರ. ಮದರ್‌ಬೋರ್ಡ್ ಸುಟ್ಟರೆ ಆ ಸರ್ವರ್ ಕಾಪಾಡುತ್ತದೆ. ಆದರೆ ನಿಮಗೆ ಬಂದದ್ದು ನೀರು. ಎರಡಕ್ಕೂ ಒಂದೇ ನೆಲ, ಒಂದೇ ಕರೆಂಟು, ಒಂದೇ ಕೇಬಲ್. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು ಕಡೆ ದೊಡ್ಡ ದೊಡ್ಡ ಟೆಕ್ ಪಾರ್ಕ್‌ಗಳಿಗೇ ನೀರು ನುಗ್ಗಿತ್ತಲ್ವಾ? ನನ್ನನ್ನು ಕೇಳಿದರೆ ಆ ದುಡ್ಡಲ್ಲಿ ಮುಂಬೈ ಅಥವಾ ಹೈದರಾಬಾದಿನ ಕ್ಲೌಡ್‌ನಲ್ಲಿ ಒಂದು ಮೆಷಿನ್ ತೊಗೊಳ್ಳಿ. ರಾತ್ರಿ ಬ್ಯಾಕಪ್‌ನ ಒಂದು ಪ್ರತಿಯೂ ಪೀಣ್ಯದಿಂದ ಆಚೆ ಹೋಗಲಿ.

ದೂರ ಇಟ್ಟರೆ ಅಸಿಂಕ್ರೊನಸ್ ಸಾಕು, ಅಂದರೆ ಸ್ಟ್ಯಾಂಡ್‌ಬೈ ಬರೆದುಕೊಂಡಿತಾ ಅಂತ ಪ್ರೈಮರಿ ಕಾಯದ ವಿಧಾನ. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಹೋಗುತ್ತದೆ. ಕೇಬಲ್ 1,000 ಕಿ.ಮೀ. ಇದ್ದರೆ ಹೋಗಿ ಬರಲು 10 ಮಿಲಿಸೆಕೆಂಡ್. ಸಿಂಕ್ರೊನಸ್ ಆದರೆ ಪ್ರತಿ ಕಮಿಟ್‌ಗೂ (ಬದಲಾವಣೆಯನ್ನು ಪಕ್ಕಾ ಮಾಡುವುದಕ್ಕೂ) ಅಷ್ಟು ಕಾಯಬೇಕು. ಅದನ್ನಾದರೂ ಸಹಿಸಬಹುದು. ಆದರೆ ಇರುವ ಒಂದೇ ಸ್ಟ್ಯಾಂಡ್‌ಬೈ ಸಿಂಕ್ರೊನಸ್ ಆಗಿದ್ದು, ರಸ್ತೆ ಅಗೆಯುವ ಜೆಸಿಬಿ ನಿಮ್ಮ ಕೇಬಲ್ ಕಿತ್ತರೆ, ಪ್ರೈಮರಿಯ ಕಮಿಟ್‌ಗಳೂ ಅಲ್ಲೇ ನಿಲ್ಲುತ್ತವೆ. ಕಾಪಾಡಲು ತಂದವನೇ ಅಂಗಡಿ ಮುಚ್ಚಿಸಿದ ಹಾಗೆ. ಅಸಿಂಕ್ರೊನಸ್‌ನಲ್ಲಿ ಕೊನೆಯ ಕೆಲವು ಸೆಕೆಂಡಿನ ಬಿಲ್ ಹೋಗಬಹುದು. ಇದಕ್ಕೆ ಓನರ್ ಒಪ್ಪಿಗೆ ಈಗಲೇ ಪಡೆಯಿರಿ.

ಹಾಕುವುದು ಕಷ್ಟವಲ್ಲ. ರೆಪ್ಲಿಕೇಶನ್‌ಗೆ ಬೇರೆ ಯೂಸರ್ ಮಾಡಿ, ವಿಪಿಎನ್ ಮೂಲಕ ಕನೆಕ್ಟ್ ಮಾಡಿ, ಡೇಟಾಬೇಸ್‌ನ ಪೂರ್ತಿ ಪ್ರತಿ ತರುವ ಪಿಜಿಬೇಸ್‌ಬ್ಯಾಕಪ್ ಅನ್ನು ದೊಡ್ಡಕ್ಷರದ ಆರ್ (-R) ಆಯ್ಕೆ ಜೊತೆ ಓಡಿಸಿ. ಸ್ಟ್ಯಾಂಡ್‌ಬೈಗೆ ಬೇಕಾದ ಸೆಟ್ಟಿಂಗ್ ಅದೇ ಬರೆದುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ನ ಮೇಜರ್ ವರ್ಷನ್ ಎರಡೂ ಕಡೆ ಒಂದೇ ಇರಲೇಬೇಕು. ಲಿನಕ್ಸ್ ವರ್ಷನ್ನೂ ಒಂದೇ ಇರಲಿ. ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ ವರ್ಷನ್ 2.28ರಲ್ಲಿ ಅಕ್ಷರಗಳ ವಿಂಗಡಣೆ ಕ್ರಮವೇ ಬದಲಾಯಿತು. ಇಲ್ಲಿ ಉಬುಂಟು 18.04, ಅಲ್ಲಿ 20.04 ಇದ್ದರೆ ಹೆಸರುಗಳ ಮೇಲಿನ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಪಟ್ಟಿ) ಅಲ್ಲಿ ತಪ್ಪು ಉತ್ತರ ಕೊಡಬಹುದು. ಎರರ್ ಬರುವುದಿಲ್ಲ. ಇರುವ ಗಿರಾಕಿಯನ್ನೇ ಇಲ್ಲ ಅನ್ನುತ್ತದೆ, ಅಷ್ಟೇ.

ರೆಪ್ಲಿಕೇಶನ್ ಸ್ಲಾಟ್ ಬಳಸುತ್ತೀರಾದರೆ ನನ್ನ ಕತೆ ಕೇಳಿ. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಒಂದು ಶುಕ್ರವಾರ ಸಂಜೆ ಸ್ಟ್ಯಾಂಡ್‌ಬೈ ಆಫ್ ಮಾಡಿ, ಮತ್ತೆ ಆನ್ ಮಾಡಲು ಮರೆತು ಮನೆಗೆ ಹೋದೆ. ಸ್ಟ್ಯಾಂಡ್‌ಬೈ ಬಂದು ಕೇಳಲಿ ಅಂತ ಸ್ಲಾಟ್ ಆ ಲಾಗ್‌ಗಳನ್ನೆಲ್ಲ ಕಾದಿಟ್ಟಿತು. ಸೋಮವಾರ ಬೆಳಿಗ್ಗೆ ಡಿಸ್ಕ್ ತುಂಬಿ ಪ್ರೈಮರಿಯೇ ಮಲಗಿತ್ತು. ವರ್ಷನ್ 13ರಿಂದ 'ಮ್ಯಾಕ್ಸ್ ಸ್ಲಾಟ್ ವಾಲ್ ಕೀಪ್ ಸೈಜ್' ಎಂಬ ಮಿತಿ ಇದೆ. ಆದರೆ ಸುಮ್ನೆ ಬಿಟ್ಟರೆ ಅದು ಮಿತಿಯೇ ಇಲ್ಲದ ಹಾಗೆ ಇರುತ್ತದೆ. ಡಿಸ್ಕ್ ನೋಡಿಕೊಂಡು ನೀವೇ ಹಾಕಿ. ಮಿತಿ ದಾಟಿದರೆ ಸ್ಟ್ಯಾಂಡ್‌ಬೈ ಹೊಸದಾಗಿ ಕಟ್ಟಬೇಕಾದೀತು. ಆಗಲಿ, ಬಿಲ್ಲಿಂಗ್ ನಿಲ್ಲುವುದಕ್ಕಿಂತ ಅದು ವಾಸಿ.

ಎಷ್ಟು ಹಿಂದಿದೆ ಅಂತ ದಿನಾ ನೋಡಿ. ಕೊನೆಯ ಟ್ರಾನ್ಸಾಕ್ಷನ್ ಸಮಯವನ್ನು ಈಗಿನ ಸಮಯದಿಂದ ಕಳೆಯುವ ಕ್ವೆರಿಯೊಂದನ್ನೇ ನಂಬಬೇಡಿ. ರಾತ್ರಿ ಯಾರೂ ಬಿಲ್ ಹಾಕದಿದ್ದರೆ, ಏನೂ ಕೆಟ್ಟಿರದಿದ್ದರೂ ಅದು ಗಂಟೆಗಟ್ಟಲೆ ತೋರಿಸುತ್ತದೆ. ಲಾಗ್ ಎಷ್ಟು ಬೈಟ್ ಹಿಂದಿದೆ ಅನ್ನುವುದನ್ನೂ ನೋಡಿ.

ಇಷ್ಟೆಲ್ಲ ಮಾಡಿಯೂ ಒಮ್ಮೆಯೂ ಅದರ ಮೇಲೆ ಕೆಲಸ ನಡೆಸಿ ನೋಡದಿದ್ದರೆ, ಅದು ಗಾಳಿ ಇದೆಯೋ ಇಲ್ಲವೋ ಗೊತ್ತಿಲ್ಲದ ಸ್ಟೆಪ್ನಿ. 20ನೇ ತಾರೀಕಿನ ಜಿಎಸ್‌ಟಿ ಗಲಾಟೆ ಮುಗಿದ ಮೇಲೆ ಒಂದು ಭಾನುವಾರ ಆರಿಸಿ. ಪ್ರೈಮರಿಯನ್ನು ಸರಿಯಾಗಿ ನಿಲ್ಲಿಸಿ, ಸ್ಟ್ಯಾಂಡ್‌ಬೈಯನ್ನು ಪ್ರಮೋಟ್ ಮಾಡಿ (ಅಂದರೆ ಅದನ್ನೇ ಪ್ರೈಮರಿ ಮಾಡಿ), ಬಿಲ್ಲಿಂಗ್ ಅಲ್ಲಿಗೆ ತಿರುಗಿಸಿ, ನಾಲ್ಕು ಟೆಸ್ಟ್ ಬಿಲ್ ಹಾಕಿ. ಎಷ್ಟು ನಿಮಿಷ ಹಿಡಿಯಿತು ಬರೆದುಕೊಳ್ಳಿ. ಮೊದಲ ಸಲ ಡೇಟಾಬೇಸ್‌ಗಿಂತ ಹಳೇ ಐಪಿ ಅಡ್ರೆಸ್ ಬರೆದಿಟ್ಟ ಯಾವುದೋ ಎಕ್ಸೆಲ್ ಮ್ಯಾಕ್ರೋ ಕೈ ಕೊಡುವುದೇ ಹೆಚ್ಚು.

ಹಳೇ ಪ್ರೈಮರಿ ತಾನಾಗಿ ಎದ್ದು ತಾನೂ ಬಿಲ್ ತೆಗೆದುಕೊಳ್ಳಲು ಶುರು ಮಾಡದಂತೆ ನೋಡಿಕೊಳ್ಳಿ. ಎರಡು ಕಡೆ ಬೇರೆ ಬೇರೆ ಬಿಲ್ ಬಿದ್ದರೆ ಸೇರಿಸುವುದು ನರಕ. ಅದಕ್ಕೇ ನಿಮಗೆ ತಾನಾಗಿ ನಡೆಯುವ ಫೇಲ್‌ಓವರ್ (ಸ್ಟ್ಯಾಂಡ್‌ಬೈಗೆ ಬದಲಾಗುವುದು) ಬೇಡ ಅನ್ನುತ್ತೇನೆ. ಮನುಷ್ಯರೇ ತೀರ್ಮಾನ ಮಾಡಲಿ. ಪ್ರಮೋಟ್ ಮಾಡಿ ಅಂತ ಹೇಳುವವರು ಯಾರು, ಅವರು ಫೋನ್ ತೆಗೆಯದಿದ್ದರೆ ಯಾರು, ಕಮಾಂಡ್‌ಗಳು ಯಾವುವು, ಎಲ್ಲವನ್ನೂ ಕಾಗದದಲ್ಲಿ ಪ್ರಿಂಟ್ ಮಾಡಿ ಒಂದು ಪ್ರತಿ ಮನೆಯಲ್ಲೂ ಇಟ್ಟುಕೊಳ್ಳಿ. ಅದೇ ಸರ್ವರ್‌ನಲ್ಲಿ ಮಾತ್ರ ಸೇವ್ ಮಾಡಿ ಇಡಬೇಡಿ.