ಜಪಾನೀಸ್ ಮಾತಾಡಬೇಕು ಅಂದ್ರೆ ಕುಮಾನೊ ಕಡೆ ಹೋಗಿ

ಜಪಾನೀಸ್ ಭಾಷಾ ಪರೀಕ್ಷೆಯ ಎನ್4 ಹಂತ ಮುಗಿದಿದೆ, ಎಂಟು ದಿನ ರಜೆ ಇದೆ, ಬಾಯಿಬಿಟ್ಟು ಜಪಾನೀಸ್ ಮಾತಾಡಲು ಟೋಕಿಯೊ ಬಿಟ್ಟು ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀರಿ. ನಾನಾದರೆ ಕಣ್ಣು ಮುಚ್ಚಿ ಕುಮಾನೊ ಅಂತೀನಿ. ವಕಯಾಮಾ ಪ್ರಾಂತ್ಯದ ದಕ್ಷಿಣದ ತುದಿ. ಎದುರಿಗೆ ಸಮುದ್ರ, ಬೆನ್ನಿಗೇ ಬೆಟ್ಟ. ಶಿನ್-ಒಸಾಕಾದಲ್ಲಿ ಕುರೊಶಿಯೊ ರೈಲು ಹತ್ತಿದರೆ ಸುಮಾರು 4 ಗಂಟೆಯ ಪ್ರಯಾಣದಲ್ಲಿ ಕೀ-ಕತ್ಸುಉರ ಅನ್ನುವ ಬಂದರಿನ ಊರು ಬರುತ್ತದೆ.

ಕುಮಾನೊ ಕೊಡೊ ಅನ್ನುವ ಹಳೆಯ ಯಾತ್ರೆಯ ಕಾಲುದಾರಿ 2004ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಆ ದಾರಿಯಲ್ಲಿ ವಿದೇಶಿಯರು ಜಾಸ್ತಿ, ಇಂಗ್ಲಿಷಿನಲ್ಲೇ ಕೆಲಸ ಆಗಿಬಿಡುತ್ತದೆ. ಅದಕ್ಕೇ ನಡಿಗೆಗೆ ಒಂದೆರಡು ದಿನ ಇಟ್ಟುಕೊಳ್ಳಿ, 133 ಮೀಟರ್ ಎತ್ತರದ ನಾಚಿ ಜಲಪಾತ ನೋಡಿ. ಉಳಿದ ದಿನ ಆ ಬಂದರಿನ ಊರಲ್ಲಿ ಒಂದೇ ಮಿನ್ಶುಕುವಿನಲ್ಲಿ (ಮನೆಯವರೇ ನಡೆಸುವ ಸಣ್ಣ ವಸತಿಗೃಹ) ಇರಿ. ದಿನಾ ಜಾಗ ಬದಲಿಸಿದರೆ ದಿನಾ "ಎಲ್ಲಿಂದ ಬಂದ್ರಿ" ಅಲ್ಲಿಗೇ ಮಾತು ಮುಗಿಯುತ್ತದೆ. ಮೂರನೇ ಬೆಳಗ್ಗೆ ತಾನೇ ಅವರು ತಮ್ಮ ಮನೆ ವಿಷಯ ಶುರು ಮಾಡುವುದು!

ಅಲ್ಲಿನ ಮಾತು ಪುಸ್ತಕದ ಹಾಗಿಲ್ಲ. ನಾನು ಉಳಿದ ಮನೆಯಲ್ಲಿ "ಅಜ್ಜ ಇದ್ದಾರಾ" ಅಂತ ಕೇಳಲು "ಇಮಾಸು ಕಾ" ಅಂದೆ. ಅಜ್ಜಿ ಬಟ್ಟೆ ಮಡಚುತ್ತಲೇ "ಅರು ಅರು" ಅಂದರು. ಪುಸ್ತಕದಲ್ಲಿ ಅರು ಇರುವುದು ವಸ್ತುಗಳಿಗೆ, ನಾವು "ಅಜ್ಜ ಒಳಗಿದೆ" ಅಂದ ಹಾಗೆ. ಆ ಕಡೆಯ ಹಳಬರು ಮನುಷ್ಯರಿಗೂ ಅರು ಅಂತಾರೆ. "ಝೆನ್ಝೆನ್" (ಒಂಚೂರೂ ಇಲ್ಲ) ಅವರ ಬಾಯಲ್ಲಿ "ದೆನ್ದೆನ್" ಆಗುತ್ತದೆ. ಗಾಬರಿ ಬೇಡ, ಎರಡು ದಿನಕ್ಕೆ ಕಿವಿಗೆ ಹತ್ತುತ್ತದೆ.

ನಮಗೆ ಒಂದು ಅನುಕೂಲ ಇದೆ. "ತಬೆತೆ ಮಿರು" ಅಂದರೆ ಅಕ್ಷರಕ್ಷರ "ತಿಂದು ನೋಡು". "ಶಿತೆ ಒಕು" ನಮ್ಮ "ಮಾಡಿಡು". ಮನಸ್ಸಲ್ಲಿ ಇಂಗ್ಲಿಷ್ ವಾಕ್ಯ ಕಟ್ಟಬೇಡಿ, ಕನ್ನಡದಲ್ಲೇ ಕಟ್ಟಿ. ಪದಗಳ ಕ್ರಮ ಹೆಚ್ಚುಕಮ್ಮಿ ಹಾಗೇ ಕೂರುತ್ತದೆ.

ಬಸ್ಸಿಗೆ ಹಿಂಬಾಗಿಲಿಂದ ಹತ್ತುವಾಗ ಸೇರಿಕೆನ್ ಅನ್ನುವ ನಂಬರ್ ಚೀಟಿ ತಗೊಳ್ಳಿ. ಇಳಿಯುವಾಗ ಮುಂದಿನ ಬೋರ್ಡಿನಲ್ಲಿ ಆ ನಂಬರಿನ ಕೆಳಗೆ ಎಷ್ಟಿದೆಯೋ ಅಷ್ಟು ಹಣ ಹಾಕಿ. ಚಿಲ್ಲರೆ ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಚಂಡಮಾರುತ. ಏಪ್ರಿಲ್ ಅಥವಾ ನವೆಂಬರ್ ಒಳ್ಳೆಯದು.

ನೀವು ಸಸ್ಯಾಹಾರಿ ಆಗಿದ್ದರೆ ರೂಮ್ ಬುಕ್ ಮಾಡುವಾಗಲೇ ಹೇಳಿ. ಸೊಪ್ಪಿನ ಪಲ್ಯಕ್ಕೂ ಒಣಮೀನಿನ ಸಾರು ಬಿದ್ದಿರುತ್ತದೆ, ಕೆಲವು ಉಮೆಬೊಶಿ ಉಪ್ಪಿನಕಾಯಿಗೂ ಮೀನು ಸೇರಿರುತ್ತದೆ. ಹೋಗಿ ಕೂತ ಮೇಲೆ ಹೇಳಿದರೆ ಪಾಪ, ಅವರು ಅಡುಗೆ ಮುಗಿಸಿರುತ್ತಾರೆ. ಇದನ್ನು ಬಾಯಿಪಾಠ ಮಾಡಿ: "ನಿಕು ಮೊ ಸಕನಾ ಮೊ ತಬೆಮಾಸೆನ್. ಕತ್ಸುಒ ನೊ ದಶಿ ಮೊ ದಮೆ ದೆಸು." ಅಂದರೆ, ಮಾಂಸ ಮೀನು ಎರಡೂ ತಿನ್ನಲ್ಲ, ಕತ್ಸುಒ ಮೀನಿನ ಸಾರೂ ಆಗಲ್ಲ.