ಮೈಸೂರಲ್ಲಿ ಲಾಡ್ಜ್: ಸ್ಟೇಷನ್ ಹತ್ತಿರವೋ, ಅರಮನೆ ಹತ್ತಿರವೋ?

ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ಎರಡು ದಿನಕ್ಕೆ ಮೈಸೂರಿಗೆ ಹೋಗ್ತಿದೀನಿ, ಕಡಿಮೆ ಬಾಡಿಗೆಯ ರೂಮು ಎಲ್ಲಿ ಹಿಡೀಲಿ ಅಂತ ಕೇಳಿದೀರಿ. ನನ್ನ ಓಟು ಧನ್ವಂತರಿ ರಸ್ತೆಗೆ. ರೈಲ್ವೆ ಸ್ಟೇಷನ್ನೂ ಹತ್ತಿರ, ದೇವರಾಜ ಮಾರ್ಕೆಟ್ಟೂ ಹತ್ತಿರ, ಸಾಲಾಗಿ ಲಾಡ್ಜ್‌ಗಳಿವೆ.

ಆದರೆ ಮೊದಲು ಕೇಳಬೇಕಾದ್ದು ಬಾಡಿಗೆಯಲ್ಲ, ಲಿಫ್ಟ್ ಇದೆಯಾ ಅಂತ. ಹಳೇ ಕಟ್ಟಡಗಳಲ್ಲಿ ಮೆಟ್ಟಿಲು ಕಡಿದು. ಒಮ್ಮೆ ಅಲ್ಲೇ ಒಂದು ಲಾಡ್ಜ್‌ನಲ್ಲಿ ಮೂರನೇ ಮಹಡಿ ಕೊಟ್ಟುಬಿಟ್ಟರು. ನಮ್ಮಮ್ಮ ಮಂಡಿ ಹಿಡ್ಕೊಂಡು ಹತ್ತುವಷ್ಟರಲ್ಲಿ ಸುಸ್ತಾಗಿ, ಸಂಜೆ ಅರಮನೆ ದೀಪಾಲಂಕಾರಕ್ಕೆ ಬರಲೇ ಇಲ್ಲ. ಬಿಸಿನೀರೂ ಬೆಳಗ್ಗೆ ಎರಡು-ಮೂರು ತಾಸು ಮಾತ್ರ. ಆಮೇಲೆ, ಚೆಕ್-ಔಟ್ ಮಧ್ಯಾಹ್ನ ಹನ್ನೆರಡಕ್ಕೋ ಇಪ್ಪತ್ನಾಲ್ಕು ಗಂಟೆ ಲೆಕ್ಕವೋ ಕೇಳಿಕೊಳ್ಳಿ. ನಸುಕಿನ ರೈಲಿಗೆ ಇಳಿಯೋರಿಗೆ ಎರಡನೆಯದೇ ಲಾಭ.

ರಸ್ತೆ ಕಡೆ ರೂಮು ಬೇಡ, ಹಾರ್ನ್ ಸದ್ದಿಗೆ ನಿದ್ದೆ ಬರಲ್ಲ. ಹಿಂಭಾಗದ್ದು ಕೇಳಿ, ಹಣ ಕಟ್ಟೋ ಮುಂಚೆ ಬಚ್ಚಲು ನೋಡಿ.

ಸಾಧ್ಯವಾದರೆ ಭಾನುವಾರ ಸೇರುವ ಹಾಗೆ ಹೋಗಿ. ಭಾನುವಾರ, ಸರ್ಕಾರಿ ರಜೆಗಳಲ್ಲಿ ಸಂಜೆ ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬು ಹತ್ತುತ್ತೆ. ಚಾಮುಂಡಿ ಬೆಟ್ಟಕ್ಕೆ ಸಿಟಿ ಬಸ್ ಸ್ಟ್ಯಾಂಡಿಂದ ಬಸ್ಸಿದೆ, ಟ್ಯಾಕ್ಸಿ ಬೇಕಿಲ್ಲ. ದಸರಾ ಸಮಯವಾದರೆ ಮಾತ್ರ ಈ ಲೆಕ್ಕವೆಲ್ಲ ಮರೆತುಬಿಡಿ, ರೂಮು ಸಿಗೋದೇ ಕಷ್ಟ, ಸಿಕ್ಕರೂ ಬಾಡಿಗೆ ಕೇಳಿ ಎದೆ ಹಿಡ್ಕೋಬೇಕು.

ಯಾವ ತಿಂಗಳು ಹೊರಟಿದೀರಿ?